ಹೆಂಚಿನ ಮನೆ ರಿಪೇರಿ: ಹಿತ್ತಲ ತರಕಾರಿ, ಗೂಡಿನ ಮೊಲ ಕೆಡದ ಹಾಗೆ

ಕೊಡಗಿನಲ್ಲಿ ಮನೆ ರಿಪೇರಿಗೆ ಸಿಗುವ ಕಾಲ ತೀರಾ ಕಡಿಮೆ. ಡಿಸೆಂಬರಿನಿಂದ ಫೆಬ್ರವರಿ ತನಕ ಕಾಫಿ ಕೊಯ್ಲು, ಆಳು ಸಿಗುವುದಿಲ್ಲ. ಜೂನ್ ಬಂತೆಂದರೆ ಮಳೆ ಹಿಡಿಯುತ್ತದೆ. ಉಳಿಯುವುದು ಮಾರ್ಚ್ ಮಧ್ಯದಿಂದ ಮೇ ಕೊನೆ, ಅದರ ನಡುವೆ ಕಾಫಿ ಹೂ ಅರಳಿಸುವ ಹೂಮಳೆ ಬೇರೆ. ಆದ್ದರಿಂದ ಮೊದಲು ಮಾಡು (ಛಾವಣಿ), ಆಮೇಲೆ ಚರಂಡಿ, ಕೊನೆಗೆ ಗೋಡೆ. ಒಳಗಿನ ಬಣ್ಣ ಮಳೆಗಾಲ ಕಳೆದ ಮೇಲಾದರೂ ಸರಿ.

ಏಣಿ ಇಡುವ ಮೊದಲು ಅಂಗಳದ ನೀರು ಎತ್ತ ಹರಿಯುತ್ತದೆ ಎಂದು ನೋಡಿ. ಗಾರೆ ಚೂರು, ಹೆರೆದ ಬಣ್ಣ, ಗೆದ್ದಲು ಔಷಧಿ ಎಲ್ಲ ಮೊದಲ ಜೋರು ಮಳೆಗೆ ಇಳಿಜಾರು ಹಿಡಿಯುತ್ತವೆ. ತರಕಾರಿ ಪಾತಿಯೂ ಮೊಲದ ಗೂಡೂ ಅದೇ ಇಳಿಜಾರಿನಲ್ಲಿದ್ದರೆ ಈ ವರ್ಷ ಅವನ್ನು ಮೇಲುಬದಿಗೆ ಸಾಗಿಸಿ.

ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಬೇಕು. ಒಡೆಯುವುದಕ್ಕೆಂದು ನೂರಕ್ಕೆ ಹತ್ತು ಹೆಚ್ಚಿಗೆ ತರಿಸಿ. ಹಳೆಯದನ್ನು ಗೆಣ್ಣಿನಿಂದ ತಟ್ಟಿ ನೋಡಿ: ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಕಣ್ಣಿಗೆ ಕಾಣದ ಬಿರುಕು. ಹಳೆಯ ಹೆಂಚಿನ ಮಧ್ಯೆ ಬೇರೆ ಕಾರ್ಖಾನೆಯದನ್ನು ಸೇರಿಸಬೇಡಿ. ಒಂದರ ಏಣು ಇನ್ನೊಂದರ ತೋಡಿಗೆ ಕೂರದೆ ಅಲ್ಲೇ ಸೋರುತ್ತದೆ. ಗಟ್ಟಿ ಇರುವ ಹಳೆಯವನ್ನೆಲ್ಲ ಮುಂದಿನ ಮಾಡಿಗೆ ಸೇರಿಸಿ, ಹಿಂದಿನದಕ್ಕೆ ಪೂರ್ತಿ ಹೊಸದು ಹಾಕುವುದು ಲೇಸು. ಹೆಂಚು ಕೂರುವ ಮರದ ಅಡ್ಡಪಟ್ಟಿ, ಅಂದರೆ ರೀಪರ್, ನಡುವಿನ ಅಂತರ ಸಾಮಾನ್ಯವಾಗಿ 32 ಸೆಂ.ಮೀ. ಆಸುಪಾಸು, ಆದರೆ ಪುಸ್ತಕದ ಅಳತೆ ನಂಬದೆ ತಂದ ಹೆಂಚನ್ನೇ ಎರಡು ಸಾಲು ಜೋಡಿಸಿ ಅಳೆಯಿರಿ. ಅಂತರ ಹೆಚ್ಚಾದರೆ ಮೇಲಿನ ಹೆಂಚು ಕೆಳಗಿನದರ ಮೇಲೆ ಸಾಕಷ್ಟು ಕೂರದೆ ಗಾಳಿಮಳೆ ಒಳಕ್ಕೆ ಹೊಡೆಯುತ್ತದೆ. ಒಂದು ದಿನದಲ್ಲಿ ಮುಚ್ಚಲಾಗುವಷ್ಟೇ ಮಾಡು ಬಿಚ್ಚಿ, ಟಾರ್ಪಾಲು ಕೈಗೆಟಕುವಂತಿರಲಿ.

ಸೋರಿಕೆ ಹೆಚ್ಚಾಗಿ ಶುರುವಾಗುವುದು ನೆತ್ತಿಯ ಸಾಲಿನಲ್ಲಿ. ಒಣ ಹೆಂಚು ಗಾರೆಯ ನೀರನ್ನು ಹೀರಿಬಿಡುತ್ತದೆ, ಗಾರೆ ಹಿಡಿಯುವುದಿಲ್ಲ. ಹಾಗಾಗಿ ನೆತ್ತಿಯ ಹೆಂಚನ್ನು ನೀರಲ್ಲಿ ಚೆನ್ನಾಗಿ ನೆನೆಸಿ, 1 ಪಾಲು ಸಿಮೆಂಟಿಗೆ 4 ಪಾಲು ಮರಳಿನ ಗಾರೆಯಲ್ಲಿ ಕೂರಿಸಿ, 7 ದಿನ ನೀರುಣಿಸಿ. ಎರಡು ಮಾಡು ಕೂಡುವ ಕಡೆಯ ತಗಡನ್ನೂ ಮರೆಯಬೇಡಿ. ಸಿಲ್ವರ್ ಓಕ್ ಎಲೆ ಅಲ್ಲಿ ಕಟ್ಟಿಕೊಂಡರೆ ನೀರು ಹಿಂದಕ್ಕೆ ಏರಿ ಹೆಂಚಿನಡಿ ನುಗ್ಗುತ್ತದೆ.

ಮಣ್ಣಿನ ಗೋಡೆಗೆ ಸಿಮೆಂಟ್ ಸಾರಣೆ ಬೇಡ. ತೇವ ಹೊರಬರಲು ದಾರಿ ಸಿಗದೆ ಒಂದೆರಡು ಮಳೆಗಾಲದಲ್ಲಿ ಸಾರಣೆ ಹಪ್ಪಳದ ಹಾಗೆ ಏಳುತ್ತದೆ. ಸುಣ್ಣದ ಗಾರೆ, ಸುಣ್ಣದ ಬಿಳುಪೇ ಸರಿ. ಬಣ್ಣ ಬಳಿಯುವ ಮುನ್ನ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕು ಬದಿಗೂ ಟೇಪ್ ಅಂಟಿಸಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಒಳಬದಿಯಲ್ಲಿ ಬೆವರಿದ್ದರೆ ಗೋಡೆ ಇನ್ನೂ ಒಣಗಿಲ್ಲ. ಮನೆ ಬಳಕೆಯ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಾಗಿಲು, ಕಿಟಕಿಯ ಬಣ್ಣವನ್ನು ಒಣ ಉಜ್ಜಬೇಡಿ. ಒದ್ದೆ ಮಾಡಿ ಉಜ್ಜಿ, ಮಕ್ಕಳನ್ನು ದೂರವಿಡಿ, ಹೆರೆದದ್ದನ್ನು ಚೀಲಕ್ಕೆ ತುಂಬಿ.

ನಮ್ಮ ಮಣ್ಣು ಹುಳಿ, ಸುಣ್ಣ ಬೇಕು ನಿಜ. ಹಾಗೆಂದು ಕೆಡವಿದ ಗೋಡೆಯ ಪುಡಿಯನ್ನು ಪಾತಿಗೆ ಸುರಿಯುವುದು ಜಿಪುಣತನವಲ್ಲ, ದಡ್ಡತನ. ಕೃಷಿ ಸುಣ್ಣ ಚದರ ಮೀಟರಿಗೆ ಸುಮಾರು 200 ಗ್ರಾಂ, ಅಂದರೆ ಹತ್ತಡಿ ಉದ್ದ, ಮೂರಡಿ ಅಗಲದ ಪಾತಿಗೆ ಅರ್ಧ ಕೆ.ಜಿ.ಗಿಂತ ತುಸು ಹೆಚ್ಚು. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಆ ವರದಿಯ ಲೆಕ್ಕವೇ ಸರಿ. ಗೊಬ್ಬರವನ್ನು ಎರಡು ಮೂರು ವಾರ ಬಿಟ್ಟು ಹಾಕಿ. ಒಟ್ಟಿಗೇ ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಪಾತಿ ಒಂದು ಅಡಿ ಎತ್ತರವಿರಲಿ, ಸೂರಿನ ನೀರು ಬೀಳುವ ಗೆರೆಯಿಂದ ಕನಿಷ್ಠ ಮೂರಡಿ ಆಚೆ. ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ಕೊಡವ ತಿಂಗಳು) ಮಳೆಯಲ್ಲಿ ಕೆಸು, ಅರಿಶಿನ ಬಿಟ್ಟರೆ ಹೆಚ್ಚಿಗೆ ಆಸೆ ಪಡಬೇಡಿ. ಟೊಮೆಟೊ, ಬೀನ್ಸ್, ನವಿಲುಕೋಸು ಎಲ್ಲ ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬ ಕಳೆದ ಮೇಲೆ. ಟೊಮೆಟೊ ಗಿಡ ಹಸಿರಾಗಿದ್ದಂತೆಯೇ ಬಾಡುವ ಜಾಗವಾದರೆ ಆ ಸೊರಗು ರೋಗ ತಡೆಯುವ ‘ಅರ್ಕಾ ರಕ್ಷಕ್’ ತಳಿ ನೆಡಿ.

ಮೊಲಕ್ಕೆ ಚಳಿಗಿಂತ ತೇವ, ಧೂಳು, ಸದ್ದಿನ ಕಾಟ ಹೆಚ್ಚು. ಹೆಂಚು ಇಳಿಸುವ ದಿನಗಳಲ್ಲಿ ಗೂಡನ್ನು ಮನೆಯ ಇನ್ನೊಂದು ಬದಿಗೆ ಒಯ್ಯಿರಿ. ಗೂಡು ನೆಲದಿಂದ ಎರಡೂವರೆ ಅಡಿ ಎತ್ತರವಿರಲಿ, ಅದಕ್ಕೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸೆದ ತಂತಿ ಬಲೆ) ಹಾಕಿ. ತೆಳು ಕೋಳಿ ಬಲೆಯನ್ನು ನಾಯಿ ಹರಿಯುತ್ತದೆ. ಬರೀ ತಂತಿಯ ಮೇಲೆ ಕೂತು ಅಂಗಾಲು ಹುಣ್ಣಾಗದಂತೆ ಒಂದು ಹಲಗೆ ಹಾಕಿ. ಅದನ್ನು ಮೊಲ ಕಡಿಯುವುದು ಖಂಡಿತ, ಹಾಗಾಗಿ ಬಣ್ಣ ಬಳಿದ, ಗೆದ್ದಲು ಔಷಧಿ ಹೊಡೆದ ಹಳೇ ರೀಪರ್ ತುಂಡು ಬೇಡ. ಬಟರ್ ಫ್ರೂಟ್, ಟೊಮೆಟೊ, ಲಂಟಾನ ಸೊಪ್ಪು ಮೊಲಕ್ಕೆ ವಿಷ. ಒಣಹುಲ್ಲೇ ಮುಖ್ಯ ಮೇವು. ಬತ್ತದ ಹುಲ್ಲು ಹಾಸಿಗೆಗೆ ಸರಿ, ಹೊಟ್ಟೆಗೆ ಸಾಲದು. ಮಳೆಯಲ್ಲಿ ಕೊಯ್ದ ಹಸಿಹುಲ್ಲನ್ನು ತೆಳ್ಳಗೆ ಹರಡಿ ಬಾಡಿಸಿಯೇ ಕೊಡಿ. ರಾಶಿ ಹಾಕಿ ಬಿಸಿಯೇರಿದ ಹುಲ್ಲು ಹೊಟ್ಟೆ ಉಬ್ಬಿಸುತ್ತದೆ. ಹಿಕ್ಕೆಯನ್ನು ಬದನೆ, ಬೆಂಡೆ ಬುಡಕ್ಕೆ ಹಾಗೇ ಹಾಕಬಹುದು, ಹಸಿಯಾಗಿ ತಿನ್ನುವ ಸೊಪ್ಪಿನ ಪಾತಿಗಾದರೆ ಪೂರ್ತಿ ಕೊಳೆಸಿದ ಮೇಲೆ.