ಟ್ರೋಲಿಂಗ್ ಮೋಟರ್ ತಗೊಳೋ ಮುಂಚೆ ಅಕ್ಕಿ ಮೂಟೆ ಇಟ್ಟು ನೋಡಿ

ಮಂಡ್ಯ ಕಡೆ ಕೆರೆಗೆ ಚಿಕ್ಕ ಫೈಬರ್ ಬೋಟ್ ಇಳಿಸೋರೆಲ್ಲ ಟ್ರೋಲಿಂಗ್ ಮೋಟರ್ (ಮೀನು ಹಿಡಿಯೋವಾಗ ಬೋಟನ್ನ ನಿಧಾನಕ್ಕೆ ಓಡಿಸೋ ಚಿಕ್ಕ ಬ್ಯಾಟರಿ ಮೋಟರ್) ಥ್ರಸ್ಟ್, ಅಂದ್ರೆ ತಳ್ಳೋ ಶಕ್ತಿ, ಎಷ್ಟು ಅಂತ ಕೇಳ್ತಾರೆ, ತೂಕ ಯಾರೂ ಕೇಳಲ್ಲ. ಅಮೆರಿಕದ ಬಾಸ್ ಬೋಟಲ್ಲಿ (ಬಾಸ್ ಅನ್ನೋ ಮೀನು ಹಿಡಿಯೋ ಬೋಟ್) ಈ ಮೋಟರ್ ಮೂತಿ ಮೇಲೆ, ಅಂದ್ರೆ ಬೋಟಿನ ಮುಂದಿನ ತುದೀಲಿ, ಕೂರುತ್ತೆ, ಹಿಂದೆ ದೊಡ್ಡ ಎಂಜಿನ್ ಇರೋದ್ರಿಂದ ಹೆಂಗೋ ಸರಿಹೋಗುತ್ತೆ, ಆದ್ರೂ ಮೂತಿ ತೀರಾ ಭಾರ ಆದ್ರೆ ಬೋಟ್ ನೀರಿಂದ ಎದ್ದು ಓಡೋಕೆ ಲೇಟು, ಸ್ಪೀಡ್ ಕಮ್ಮಿ, ಅಲೆ ಬಂದ್ರೆ ನೀರು ಒಳಕ್ಕೆ. ನಮ್ಮ ಹನ್ನೆರಡು ಅಡಿ ಬೋಟ್ ಕಥೆ ಕೇಳ್ಲೇಬೇಡಿ.

ದುಡ್ಡು ಸುರಿಯೋ ಮುಂಚೆ, ಮೋಟರ್, ಅದನ್ನ ಕೂರಿಸೋ ಮೌಂಟ್ ಎರಡೂ ಸೇರಿ ಎಷ್ಟು ತೂಕನೋ ಅಷ್ಟು ಭಾರದ ಚೀಲ ಮೂತೀಲಿಟ್ಟು (ನಾನು 25 ಕೆಜಿ ಅಕ್ಕಿ ಮೂಟೆಗೇ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದೆ, ಅಮ್ಮಂಗೆ ಇನ್ನೂ ಗೊತ್ತಿಲ್ಲ) ನೀವು ನಿಮ್ಮ ಜಾಗದಲ್ಲಿ ಕೂತ್ಕೊಳಿ, ನೀರು ಎಲ್ಲಿವರ್ಗೂ ಬಂತು ಅಂತ ಮುಂದೆ ಹಿಂದೆ ಎರಡೂ ಕಡೆ ಫ್ರೆಂಡ್ ಕೈಲಿ ಮಾರ್ಕರಲ್ಲಿ ಗೆರೆ ಹಾಕಿಸಿ, ಆಮೇಲೆ ಮೂಟೆ ತೆಗೆದು ಇನ್ನೊಂದ್ಸಲ. ಮೂತಿ ಎಷ್ಟು ಮುಳುಗ್ತಿತ್ತು ಅಂತ ಕಣ್ಣಿಗೇ ಕಾಣುತ್ತೆ.

ಇನ್ನು ಬ್ಯಾಟರಿ. 100 ಆಂಪಿಯರ್ ಅವರ್ ಲೆಡ್ ಆಸಿಡ್ ಒಂದೇ ಹೆಚ್ಚುಕಮ್ಮಿ 25-30 ಕೆಜಿ, ಮೋಟರ್‌ಗಿಂತ ಇದೇ ಭಾರ ಆಗ್ಬೋದು! ಹಿಂದಕ್ಕೆ ತಳ್ಳಿ, ಆದ್ರೆ ವೈರ್ ಉದ್ದ ಆದಷ್ಟೂ ದಪ್ಪ ಇರ್ಬೇಕು, ಇಲ್ಲಾಂದ್ರೆ ವೋಲ್ಟೇಜ್ ಬೀಳುತ್ತೆ. ಲಿಥಿಯಂ ಆದ್ರೆ ಅರ್ಧದಷ್ಟು ತೂಕ, ಜೇಬು ಒಪ್ಬೇಕಷ್ಟೆ.