ಯಕ್ಷಗಾನದ ಡಿವಿಡಿಗಳನ್ನು ವಿಡಿಯೋ ಫೈಲ್‌ಗಳಾಗಿ ಪರಿವರ್ತಿಸಿದ ನನ್ನ ಅನುಭವ

ಉಡುಪಿಯ ನಮ್ಮ ಮನೆಯಲ್ಲಿ ನಡೆದ ಹರಕೆ ಬಯಲಾಟಗಳ (ಹರಕೆ ಹೊತ್ತು ಆಡಿಸುವ ಯಕ್ಷಗಾನದ ಆಟಗಳ) ಡಿವಿಡಿಗಳಿಗೆ ಮಳೆಗಾಲದ ತೇವದಿಂದ ಬೂಷ್ಟು ಹಿಡಿಯತೊಡಗಿದಾಗ, ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಲು ನಿರ್ಧರಿಸಿದೆ. ಮೊದಲು ಮೇಕ್‌ಎಂಕೆವಿ ತಂತ್ರಾಂಶದಿಂದ ಡಿಸ್ಕಿನಲ್ಲಿರುವ ಎಂಪೆಗ್-2 (ಡಿವಿಡಿಯ ಸಂಕೋಚನ ವಿಧಾನ) ದೃಶ್ಯವನ್ನೂ ಧ್ವನಿಯನ್ನೂ ಇದ್ದ ಹಾಗೆಯೇ ಎಂಕೆವಿ ಫೈಲಾಗಿ ತೆಗೆದಿಟ್ಟುಕೊಂಡೆ. ಈ ಹಂತದಲ್ಲಿ ಗುಣಮಟ್ಟ ಕಿಂಚಿತ್ತೂ ಕುಂದುವುದಿಲ್ಲವಾದ್ದರಿಂದ ಮುಂದಿನ ಪ್ರಯೋಗಗಳನ್ನೆಲ್ಲ ಡಿಸ್ಕನ್ನು ಮತ್ತೆ ಮುಟ್ಟದೆ ಈ ಪ್ರತಿಯ ಮೇಲೆಯೇ ಮಾಡಬಹುದು.

ಈ ಪ್ರತಿಯನ್ನು ಚಿಕ್ಕ ಫೈಲಾಗಿ ಪರಿವರ್ತಿಸಲು ಬಳಸಿದ್ದು ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶ. ಹೆಚ್ಚಿನವರು ಮೊದಲು ಕೇಳುವುದು ಯಾವ ಕೋಡೆಕ್ (ವಿಡಿಯೋ ಸಂಕೋಚನ ವಿಧಾನ) ಎಂದು. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಇಂಟರ್‌ಲೇಸ್ ಪ್ರಶ್ನೆ. ನಮ್ಮಲ್ಲಿಯ ಡಿವಿಡಿಗಳು ಪಾಲ್ ಎಂಬ ಟಿವಿ ಪದ್ಧತಿಯವು: 720×576 ಅಳತೆ, ಸೆಕೆಂಡಿಗೆ 25 ಫ್ರೇಮ್. ಆದರೆ ವಿಡಿಯೋ ಕ್ಯಾಮೆರಾದಲ್ಲಿ ಇಂಟರ್‌ಲೇಸ್ ಆಗಿ ಚಿತ್ರೀಕರಿಸಿದ ಆಟದಲ್ಲಿ ಒಂದೊಂದು ಫ್ರೇಮಿನೊಳಗೂ ಬೇರೆ ಬೇರೆ ಕ್ಷಣಗಳ ಎರಡು ಅರ್ಧಚಿತ್ರಗಳು ಗೆರೆಬಿಟ್ಟು ಗೆರೆಯಾಗಿ ಹೆಣೆದುಕೊಂಡಿರುತ್ತವೆ, ಅಂದರೆ ಸೆಕೆಂಡಿಗೆ 50 ಕ್ಷಣಗಳ ಚಲನೆ ಅಲ್ಲಿ ದಾಖಲಾಗಿರುತ್ತದೆ. ಈ ಹೆಣಿಗೆಯನ್ನು ಬಿಡಿಸುವ ಸಾಮಾನ್ಯ ಡಿಇಂಟರ್‌ಲೇಸ್ ಇದನ್ನು 25ಕ್ಕೆ ಇಳಿಸಿಬಿಡುವುದರಿಂದ, ಪುಂಡುವೇಷಧಾರಿ (ತರುಣ ವೀರನ ಪಾತ್ರಧಾರಿ) ಧೀಂಗಿಣ, ಅಂದರೆ ಸುತ್ತುತ್ತ ಜಿಗಿಯುವ ಕುಣಿತ, ಹಾಕುವಾಗಿನ ಚಲನೆಯ ನುಣುಪು ಹೋಗಿ ಕುಣಿತ ತುಂಡುತುಂಡಾಗಿ ಕಾಣುತ್ತದೆ. ಆದ್ದರಿಂದ ನಾನು ಬಿಡಬ್ಲ್ಯುಡಿಫ್ ಎಂಬ ಡಿಇಂಟರ್‌ಲೇಸ್ ಸೋಸುಕದಲ್ಲಿ (ಫಿಲ್ಟರಿನಲ್ಲಿ), ಪ್ರತಿ ಅರ್ಧಚಿತ್ರವನ್ನೂ ಒಂದು ಪೂರ್ಣ ಫ್ರೇಮ್ ಮಾಡುವ ‘ಬಾಬ್’ ಆಯ್ಕೆಮಾಡಿ 50 ಫ್ರೇಮ್‌ಗಳನ್ನೂ ಉಳಿಸಿಕೊಂಡೆ. ಹ್ಯಾಂಡ್‌ಬ್ರೇಕಿನ ಪ್ರಿಸೆಟ್‌ಗಳಲ್ಲಿ (ಸಿದ್ಧ ಹೊಂದಿಕೆಗಳಲ್ಲಿ) ‘576ಪಿ25’ ಎಂಬುದು ಫ್ರೇಮ್ ದರವನ್ನು 25ಕ್ಕೆ ಮಿತಿಗೊಳಿಸುತ್ತದೆ. ಅದನ್ನು ‘ಮೂಲದಂತೆಯೇ’ ಎಂದು ಬದಲಿಸದಿದ್ದರೆ ಬಾಬ್ ಹಾಕಿಯೂ ಫಲವಿಲ್ಲ.

ಗುಣಮಟ್ಟವನ್ನು ಬಿಟ್‌ರೇಟಿನಿಂದಲ್ಲ, ಆರ್‌ಎಫ್ ಅಂಕೆಯಿಂದ ನಿಗದಿಪಡಿಸಿದೆ. ಅಂಕೆ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು, ಫೈಲೂ ದೊಡ್ಡದು. ಪರೀಕ್ಷೆಗೆ ಆರಿಸಿದ್ದು ಭಾಗವತರು ಕುಳಿತು ಹಾಡುವ ಭಾಗವನ್ನಲ್ಲ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಪ್ರವೇಶದ ಒಂದು ನಿಮಿಷವನ್ನು. ಕೆಂಪು, ದೊಂದಿಯ ಬೆಂಕಿ, ರಾಳದ ಹೊಗೆ, ವೇಗದ ಚಲನೆ ಎಲ್ಲವೂ ಒಟ್ಟಿಗೆ ಬರುವ ಆ ನಿಮಿಷ ಚೆನ್ನಾಗಿ ಬಂದರೆ ಉಳಿದದ್ದರ ಚಿಂತೆಯಿಲ್ಲ. ಎಕ್ಸ್264 (ಎಚ್.264 ಕೋಡೆಕ್), ‘ಸ್ಲೋ’ ವೇಗ, ಆರ್‌ಎಫ್ 18 ನನಗೆ ತೃಪ್ತಿ ಕೊಟ್ಟಿತು. ಮಂದ ಬೆಳಕಿನಲ್ಲಿ ಚಿತ್ರೀಕರಿಸಿ ಕಾಳುಕಾಳಾದ ದೃಶ್ಯಗಳಲ್ಲಿ ಮಾತ್ರ ಆ ಕಾಳುಗಳನ್ನು ಉಳಿಸುವುದಕ್ಕೇ ಜಾಗ ಖರ್ಚಾಗಿ ಫೈಲ್ ಮೂಲದ ಗಾತ್ರವನ್ನೇ ಸಮೀಪಿಸುತ್ತಿದ್ದುದರಿಂದ, ಅಂಥವಕ್ಕೆ 20 ಇಟ್ಟೆ. ಕಾಳುಗಳನ್ನು ಅಳಿಸುವ ಡಿನಾಯ್ಸ್ ಸೋಸುಕವನ್ನು ಜೋರಾಗಿ ಬಳಸಿದರೆ ಮುಖದ ಮೇಲಿನ ಚಿಟ್ಟಿಯ (ಅಕ್ಕಿಹಿಟ್ಟಿನ ಚುಕ್ಕಿಗಳ) ಸಾಲುಗಳು ಕಲಸಿಹೋಗುತ್ತವೆ. ನನಗೆ ಅದಕ್ಕಿಂತ ಕಾಳುಗಳೇ ವಾಸಿ.

ಕಪ್ಪು ಅಂಚನ್ನು ತಾನೇ ಕತ್ತರಿಸುವ ಸ್ವಯಂಚಾಲಿತ ಕ್ರಾಪ್ ಅನ್ನು ನಂಬಲಿಲ್ಲ, ಏಕೆಂದರೆ ರಂಗಸ್ಥಳದ ಸುತ್ತಲಿನ ಕತ್ತಲೆಯನ್ನೇ ಕಪ್ಪು ಅಂಚೆಂದು ಅದು ಭಾವಿಸುವ ಸಾಧ್ಯತೆಯಿದೆ. ನಾಲ್ಕೂ ಬದಿಗೆ ಸೊನ್ನೆ ಕೊಟ್ಟೆ. ಚಿತ್ರವನ್ನು ಎಚ್‌ಡಿ ಅಳತೆಗೆ ಹಿಗ್ಗಿಸಲೂ ಇಲ್ಲ. ಡಿಸ್ಕಿನಲ್ಲಿ ಇಲ್ಲದ ವಿವರ ಅದರಿಂದ ಬರುವುದಿಲ್ಲ, ಹಿಗ್ಗಿಸುವ ಕೆಲಸವನ್ನು ಟಿವಿಯೇ ಮಾಡುತ್ತದೆ.

ಚೆಂಡೆಯ ಪೆಟ್ಟಿನ ತೀಕ್ಷ್ಣತೆ ಮರುಸಂಕೋಚನದಲ್ಲಿ ಬೇಗ ಮಂಕಾಗುವುದರಿಂದ ಡಿಸ್ಕಿನಲ್ಲಿದ್ದ ಎಸಿ-3 (ಡಾಲ್ಬಿ) ಧ್ವನಿಯನ್ನು ‘ಪಾಸ್‌ಥ್ರೂ’ ಆಗಿ ಹಾಗೆಯೇ ದಾಟಿಸಿದೆ. ಅದನ್ನು ನುಡಿಸದ ಮೊಬೈಲ್‌ಗಳಿಗಾಗಿ ಎಎಸಿ ಧ್ವನಿಯನ್ನು ಎರಡನೆಯ ಟ್ರ್ಯಾಕಾಗಿ ಸೇರಿಸಿದೆ.

ಎಚ್.265 ಬಳಸಿದ್ದರೆ ಫೈಲ್ ಇನ್ನೂ ಚಿಕ್ಕದಾಗುತ್ತಿತ್ತು. ಆದರೆ ದೊಡ್ಡಪ್ಪನ ಹಳೆಯ ಟಿವಿಯಲ್ಲಿ ಅದು ಓಡದು, ಆಟ ನೋಡುವವರು ಮುಖ್ಯವಾಗಿ ಅವರೇ. ಅವರಿಗೆ ಕೊಡುವ ಪೆನ್‌ಡ್ರೈವ್ ಫ್ಯಾಟ್32 ಮಾದರಿಯದಾದ್ದರಿಂದ ಪ್ರತಿ ಫೈಲನ್ನೂ 4 ಜಿಬಿಯೊಳಗೆ ಇಡಬೇಕಾಗುತ್ತದೆ; ಮೀರಿದ್ದನ್ನು ಪ್ರಸಂಗದ ನಡುವೆ ಕಡಿಯದೆ, ಒಂದು ಪ್ರಸಂಗ ಮುಗಿದು ಇನ್ನೊಂದು ತೊಡಗುವಲ್ಲಿ ಎರಡು ಮಾಡಿ ಕೊಡುತ್ತೇನೆ.