‘ಪಿಕ್ ಅಪ್’ ಒಂದನ್ನೇ ಹತ್ತು ದಿನ ಕಲಿಸಿದೆ

ಫ್ರೇಸಲ್ ವರ್ಬ್ ಅಂದರೆ ‘ಪಿಕ್ ಅಪ್’, ‘ಟೇಕ್ ಆಫ್’ ಥರ ಕ್ರಿಯಾಪದಕ್ಕೆ ಅಪ್, ಆಫ್‌ನಂಥ ಸಣ್ಣ ಪದ ಸೇರಿ ಆಗುವ ಜೋಡಿ; ಸ್ಪೋಕನ್ ಇಂಗ್ಲಿಷ್ ಕಲಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುವುದು ನಮ್ಮೆಲ್ಲರ ಚಾಳಿ. ನಾನೂ ಅದನ್ನೇ ಮಾಡಿದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಮಾಳಿಗೆ ಮೇಲೊಂದು ರೂಮು ಹಿಡಿದು, 150 ಫ್ರೇಸಲ್ ವರ್ಬ್‌ಗಳ ಪುಸ್ತಿಕೆ ಮಾಡಿಸಿದೆ. ಜೆರಾಕ್ಸು, ಬೈಂಡಿಂಗು ಸೇರಿ ನಾಲ್ಕು ಸಾವಿರದ ಹತ್ತಿರ ಹೋಯಿತು. ಹುಡುಗರು ಬಾಯಿಪಾಠ ಮಾಡಿದರು. ಮಾತಾಡಿ ಅಂದರೆ ಒಂದೂ ಬಾಯಿಗೆ ಬರಲಿಲ್ಲ. 18 ಮಂದಿಯ ಬ್ಯಾಚು ಎರಡು ತಿಂಗಳಲ್ಲಿ 7ಕ್ಕೆ ಇಳಿಯಿತು. ಬಾಡಿಗೆ ಕೈಯಿಂದ ಕಟ್ಟಿದೆ.

ಇನ್ನು ‘ಪಿಕ್ ಅಪ್’ ಒಂದನ್ನೇ ಹತ್ತು ದಿನ ಕಲಿಸ್ತೀನಿ ಅಂದಾಗ ಪಕ್ಕದ ಟ್ಯೂಷನ್ ಸರ್ ನಕ್ಕರು. ‘ಒಂದಾ ಶಬ್ದಕ್ಕ ಹತ್ತು ದಿನಾ? ಮಂದಿ ರೊಕ್ಕ ವಾಪಸ್ ಕೇಳ್ತಾರ ನೋಡ್ರಿ.’

ಆ ಶಬ್ದ ಆರಿಸಿದ್ದು ಸುಮ್ನೆ ಅಲ್ಲ. ಬೈಕಿಗೆ ಪಿಕಪ್ ಇಲ್ಲ ಅಂತೀವಿ. ತೊಗರಿ ಚೀಲ ಹೇರುವ ಪಿಕಪ್ ಗಾಡಿ ಎಲ್ಲರಿಗೂ ಗೊತ್ತು. ಅರ್ಧ ಕೆಲಸ ಮೊದಲೇ ಆಗಿತ್ತು.

ಆದರೂ ಮೊದಲ ದಿನವೇ ಎಡವಿದೆ. ಪಿಕ್ ಅಪ್ ಅಂದರೆ ‘ಎತ್ತು’ ಅಂದೆ. ಫೋನ್ ಎತ್ತು, ಕೂಸನ್ನು ಎತ್ತಿಕೋ, ಅಲ್ಲಿವರೆಗೆ ಚೆನ್ನಾಗಿತ್ತು. ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಬರುವ ಮಾಮಾನನ್ನು ಪಿಕ್ ಅಪ್ ಮಾಡಬೇಕು ಅಂದಾಗ ಒಬ್ಬ ಹುಡುಗಿ ಕೇಳಿದಳು: ‘ಮಾಮಾಗ ಎತ್ಕೊಂಡು ಬರಬೇಕೇನ್ರಿ ಸರ?’ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆವತ್ತಿನಿಂದ ಒಂದೇ ಕನ್ನಡ ಅರ್ಥ ಕೊಡುವುದನ್ನು ಬಿಟ್ಟೆ. ಸ್ಟೇಷನ್ನಿಗೆ ಹೋದರೆ ಕರಕೊಂಡು ಬರೋದು, ನೆಗಡಿಯಾದರೆ ಹತ್ತೋದು, ರೇಡಿಯೊ ಸಿಗ್ನಲ್ ಆದರೆ ಹಿಡಿಯೋದು, ತೊಗರಿ ಸುಗ್ಗಿಯಲ್ಲಿ ವ್ಯಾಪಾರವಾದರೆ ಕುದುರೋದು. ಭಾಷೆಯಾದರೆ ಕಿವಿಗೆ ಬಿದ್ದು ಬಿದ್ದು ಬರೋದು. ಈ ಕೊನೆಯದು ಇಲ್ಲಿ ಯಾರಿಗೂ ಕಷ್ಟವಾಗಲಿಲ್ಲ. ಇಲ್ಲಿನ ಆಡುಮಾತಿನ ಉರ್ದು ದಖನಿಯನ್ನು ನಾವ್ಯಾರು ಪುಸ್ತಕ ಓದಿ ಕಲಿತಿದ್ದೀವಿ? ‘ಐ ಪಿಕ್ಡ್ ಇಟ್ ಅಪ್ ಇನ್ ದ ಮಾರ್ಕೆಟ್’ ಅಂತ ಒಂದೇ ಸಲಕ್ಕೆ ಹೇಳಿದರು.

ನಿಜವಾದ ತಲೆನೋವು ಆ ‘ಇಟ್’. ‘ಪಿಕ್ ಇಟ್ ಅಪ್’ ಅನ್ನಬೇಕಾದಲ್ಲಿ ‘ಪಿಕ್ ಅಪ್ ಇಟ್’ ಅನ್ನೋದು ಬಿಡಲೇ ಇಲ್ಲ. ಆಟೊ ಓಡಿಸುವ ಹುಡುಗನೊಬ್ಬ ನಾಲ್ಕು ದಿನ ‘ಪಿಕ್ ಅಪ್ ಹರ್’ ಅಂತಲೇ ಅಂದ. ಐದನೇ ದಿನ ಇಬ್ಬರನ್ನು ಎದ್ದು ನಿಲ್ಲಿಸಿದೆ. ಒಬ್ಬ ‘ಪಿಕ್’, ಇನ್ನೊಬ್ಬ ‘ಅಪ್’. ಇಟ್, ಹಿಮ್, ಹರ್ ಅಂತ ಚೀಟಿ ಹಿಡಿದವರು ಇಬ್ಬರ ನಡುವೆಯೇ ನಿಲ್ಲಬೇಕು. ‘ದ ಬ್ಯಾಗ್’ ಚೀಟಿಯವನು ನಡುವೆ ನಿಂತರೂ ಸರಿ, ‘ಅಪ್’ ಆದ ಮೇಲೆ ನಿಂತರೂ ಸರಿ. ವ್ಯಾಪಾರ ಕುದುರುವಾಗ ಯಾರಿಗೂ ಜಾಗ ಇಲ್ಲ: ‘ಬಿಸಿನೆಸ್ ಪಿಕ್ಡ್ ಅಪ್’, ಅಷ್ಟೇ. ಆಟೊ ಹುಡುಗ ಬಾಗಿಲ ಹತ್ತಿರದಿಂದ ತಾನಾಗಿಯೇ ಬಂದು ನಡುವೆ ನಿಂತ. ಆಮೇಲೆ ತಪ್ಪಲಿಲ್ಲ.

ಇದರ ಜೋಶಿನಲ್ಲಿ ‘ಟೇಕ್ ಆಫ್’ಗೂ ಕೈ ಹಾಕಿದೆ. 2019ರಲ್ಲಿ ನಮ್ಮೂರಿಗೂ ವಿಮಾನ ಬಂತಲ್ಲ, ಸುಲಭವಾಗುತ್ತೆ ಅಂದುಕೊಂಡಿದ್ದೆ. ಚಪ್ಪಲಿ ಬಿಚ್ಚೋದು ‘ಟೇಕ್ ದೆಮ್ ಆಫ್’ ಆಯಿತು. ಆಮೇಲೆ ಹುಡುಗರು ಪೈಲಟ್ಟೂ ವಿಮಾನವನ್ನು ‘ಟುಕ್ ಇಟ್ ಆಫ್’ ಅಂದುಬಿಟ್ಟರು! ವಿಮಾನ ತಾನೇ ಏರುತ್ತೆ, ಅಲ್ಲಿ ‘ಇಟ್’ ಬರಲ್ಲ ಅಂತ ತಿಳಿಸೋಕೆ ಮೂರು ದಿನ ಹೋಯಿತು. ಬಿಚ್ಚೋದು, ಏರೋದು ಎರಡನ್ನೂ ಒಂದೇ ವಾರ ಇಟ್ಟುಕೊಳ್ಳಬೇಡಿ.

ಈಗ ಬ್ಯಾಚಿನಲ್ಲಿ 22 ಮಂದಿ, ತಿಂಗಳಿಗೆ 700 ರೂಪಾಯಿ. ಪಕ್ಕದ ಸರ್ ಕಳೆದ ವಾರ ಚೀಟಿಗಳ ಫೋಟೊ ಕೇಳಿದರು, ಕೊಟ್ಟೆ. ಯಾವ ಚೀಟಿ ಯಾವ ದಿನ ಹೊರಗೆ ತೆಗೀತೀನಿ ಅನ್ನೋದನ್ನು ಮಾತ್ರ ಅವರಿಗೂ ಹೇಳಿಲ್ಲ.